ಗುದ್ಲೆಪ್ಪ ಮಾಸ್ತರರ ಕಿವಿ

ಗುದ್ಲೆಪ್ಪ ಮಾಸ್ತರರು ಹೇಳಿದ ಸುಳ್ಳು ಬಹಳ ದೊಡ್ಡದೇನಲ್ಲ. ಮೂರೇ ಮಾತಿನದು. "ಕಿವಿ ಕೇಳವಲ್ದು, ಸರ" ಎಂದಿದ್ದರು, ಅಷ್ಟೆ. ಹೇಳಿದ್ದು ಶನಿವಾರ. ಸೋಮವಾರ ಬೆಳಿಗ್ಗೆ ಅದೇ ಸುಳ್ಳು ಅವರನ್ನು ತೋಳು ಹಿಡಿದು ಬಸ್ಸು ಹತ್ತಿಸಿತು.

ಅರವತ್ತೊಂದನೆಯ ಇಸವಿಯ ಬೇಸಿಗೆ ಅದು. ಅಬಲೂರಿನಿಂದ ಆಚೆಗೆ ಮೂರು ಮೈಲಿಯ ಹಳ್ಳಿಯೊಂದರ ಶಾಲೆಯಲ್ಲಿ ಗುದ್ಲೆಪ್ಪನವರು ಸಹಾಯಕ ಮಾಸ್ತರರು. ಸೂಟಿ ಬಿಟ್ಟ ಕೂಡಲೇ ಹಾನಗಲ್ಲಿನ ಅತ್ತೆಯ ಮನೆಗೆ ಹೋಗಿ, ಹಿತ್ತಲಿನ ಮಾವಿನಮರದ ಕೆಳಗೆ ಹೊರಸು ಹಾಕಿಸಿಕೊಂಡು, ಜೂನ್ ತಿಂಗಳು ಬಂದು ಎಬ್ಬಿಸುವವರೆಗೆ ಮಲಗಬೇಕೆಂದು ಅವರು ದೀಪಾವಳಿಯಿಂದಲೇ ಲೆಕ್ಕ ಹಾಕಿದ್ದರು. ಹೆಂಡತಿ ಅನ್ನವ್ವ ಮಕ್ಕಳನ್ನು ಕರೆದುಕೊಂಡು ಆಗಲೇ ಮುಂದೆ ಹೋಗಿದ್ದಳು. ಅಷ್ಟರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಶಿಗ್ಗಾಂವದಲ್ಲಿ ಒಂದು ಸೇವಾ ಸಮಿತಿಯವರು ಕಣ್ಣು ಕಾಣದ, ಕಿವಿ ಕೇಳದ, ಕೈಕಾಲಿನಲ್ಲಿ ಬಲವಿಲ್ಲದ ಮಕ್ಕಳಿಗೂ ದೊಡ್ಡವರಿಗೂ ಹದಿನೈದು ದಿನದ ಬೇಸಿಗೆ ಶಿಬಿರ ನಡೆಸುವವರಿದ್ದಾರೆ, ಶಾಲೆಗೊಬ್ಬ ಮಾಸ್ತರರು ನೆರವಿಗೆ ಹೋಗತಕ್ಕದ್ದು ಎಂದು ಅದರಲ್ಲಿತ್ತು. ಆ ಶಾಲೆಯಲ್ಲಿ ಇದ್ದ ಮಾಸ್ತರರೇ ಇಬ್ಬರು. ಒಬ್ಬರು ಹೆಡ್‌ಮಾಸ್ತರ ಕರಬಸಪ್ಪನವರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಇನ್ನೊಬ್ಬರು ಯಾರೆಂದು ಹೇಳಬೇಕಾಗಿಲ್ಲ.

ಹೀಗಾಗಿ ಶನಿವಾರ ಗುದ್ಲೆಪ್ಪನವರು ಹೆಡ್‌ಮಾಸ್ತರರ ಮೇಜಿನ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತರು. ಎರಡು ತಿಂಗಳಿಂದ ಕಿವಿಯಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ ಸದ್ದು, ಮಂದಿ ಮಾತಾಡಿದ್ದು ತಿಳಿಯುವುದೇ ಇಲ್ಲ, ಇಂಥವನು ಶಿಬಿರಕ್ಕೆ ಹೋಗಿ ಯಾರಿಗೆ ಏನು ನೆರವಾದೇನು ಎಂದು ಕೇಳಿದರು. ಕರಬಸಪ್ಪನವರು ಮೆತ್ತಗಿನ ಮನುಷ್ಯ. ನಪಾಸಾದ ಹುಡುಗರಿಗಿಂತ ಮೊದಲು ತಾವೇ ಕಣ್ಣು ಒರೆಸಿಕೊಳ್ಳುವವರು. ಈ ಸುದ್ದಿಗೂ ಕಣ್ಣು ಒರೆಸಿಕೊಂಡರು. ಪೆನ್ನು ತೆಗೆದು, ನೆರವಿಗೆ ಹೋಗುವವರ ಯಾದಿಯಲ್ಲಿದ್ದ ಹೆಸರನ್ನು ಹೊಡೆದುಹಾಕಿದರು. ಗುದ್ಲೆಪ್ಪನವರ ಎದೆ ಹಗುರಾಯಿತು. ಆಮೇಲೆ ಅದೇ ಪೆನ್ನಿನಿಂದ ಅದೇ ಹೆಸರನ್ನು ಇನ್ನೊಂದು ಯಾದಿಯಲ್ಲಿ ದುಂಡಗೆ ಬರೆದರು. ಅದು ಶಿಬಿರಾರ್ಥಿಗಳ ಯಾದಿ.

"ಹುಬ್ಬಳ್ಳಿಯಿಂದ ಕಿವಿ ಡಾಕ್ಟರ್ ಬರ್ತಾರಂತ" ಎಂದು ಅವರು ಗುದ್ಲೆಪ್ಪನವರ ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದರು. "ನಾನ ಕರಕೊಂಡು ಹೋಗ್ತೇನಿ. ಡಾಕ್ಟರ್ ಏನ್ ಅಂತಾರ ನೋಡೂಣು. ಅಲ್ಲೀತನಾ ಸಾಲಿ ಇನ್ಸ್‌ಪೆಕ್ಟರಿಗೆ ನಾ ಏನೂ ಬರಿಯೂದಿಲ್ಲ."

ಕೇಳದ ಮಾಸ್ತರನನ್ನು ಸರಕಾರ ಎಷ್ಟು ದಿನ ಇಟ್ಟುಕೊಂಡೀತು ಎಂಬ ವಿಚಾರ ಗುದ್ಲೆಪ್ಪನವರಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಕೇಳುತ್ತದೆ ಎಂದರೆ ಸುಳ್ಳು ಹೇಳಿದ ತಪ್ಪು. ಕೇಳುವುದಿಲ್ಲ ಎಂದರೆ ನೌಕರಿಗೇ ಸಂಚಕಾರ. ಅವರು ಏನೂ ಕೇಳಿಸದವರಂತೆ ಸುಮ್ಮನೆ ನಕ್ಕರು.

ಬಸ್ಸಿನಲ್ಲಿ ಹೆಡ್‌ಮಾಸ್ತರರು ಈ ಸುದ್ದಿಯನ್ನು ಕಂಡಕ್ಟರನಿಗೆ ಹೇಳಿದರು. ಅವರು ದೊಡ್ಡ ದನಿಯವರಾದ್ದರಿಂದ ಇಡೀ ಬಸ್ಸಿಗೇ ಹೇಳಿದಂತಾಯಿತು. ಮುಂದಿನ ಸೀಟಿನ ಮುದುಕಿ ಕಿವಿಗೆ ಬಳ್ಳೊಳ್ಳಿ ಎಣ್ಣೆ ಹಾಕಲು ಹೇಳಿದಳು. ಅದನ್ನು ಬಿಟ್ಟು ಆಡಿನ ಹಾಲು ಹಾಕಬೇಕೆಂದು ಕಿಟಕಿಯ ಬದಿಯ ಗೌಡರು ಹೇಳಿದರು. ಜೋಳದ ವ್ಯಾಪಾರಿಯೊಬ್ಬ ಇದು ನಿಜವೋ ಏನೋ ನೋಡೋಣವೆಂದು ಹಿಂದಿನಿಂದ ತಾಮ್ರದ ತಂಬಿಗೆಯನ್ನು ಧಡಲ್ಲನೆ ಬೀಳಿಸಿದ. ಗುದ್ಲೆಪ್ಪನವರು ಒಂದು ಗೇಣು ಹಾರಿದರು. ಸರಿಯಾಗಿ ಆಗಲೇ ಬಸ್ಸು ತಗ್ಗಿಗೆ ಇಳಿದು ಎಲ್ಲರೂ ಹಾರಿದ್ದರಿಂದ ಅವರ ಮಾನ ಉಳಿಯಿತು.

ಶಿಬಿರ ನಡೆದಿದ್ದು ಶಿಗ್ಗಾಂವದ ಹೊರಗೆ, ಬೇವಿನಮರಗಳ ನಡುವಿನ ಒಂದು ಹಳೆಯ ಕಟ್ಟಡದಲ್ಲಿ. ಮೂವತ್ತು ಮೂವತ್ತೈದು ಮಂದಿ ಆಗಲೇ ಬಂದಿದ್ದರು. ಒಂದು ಮೂಲೆಯಲ್ಲಿ ಬೆತ್ತದ ಖುರ್ಚಿ ಹೆಣೆಯುವವರು, ಇನ್ನೊಂದು ಕಡೆ ಊರುಗೋಲು ಒರಗಿಸಿಟ್ಟು ಚೌಕಾಬಾರ ಆಡುವವರು, ಪಡಸಾಲೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಕಣ್ಣು ಕಾಣದ ಮುದುಕ. ಎಲ್ಲರೂ ಬಂಧುಗಳ ಮನೆಗೆ ಬಂದವರ ಹಾಗೆ ಆರಾಮಾಗಿದ್ದರು. ಬೆವರುತ್ತಿದ್ದವರು ಗುದ್ಲೆಪ್ಪನವರು ಒಬ್ಬರೇ.

ಶಿಬಿರದ ಮುಖ್ಯಸ್ಥೆ ಸಾವಂತ್ರಬಾಯಿ. ಇಪ್ಪತ್ತು ವರ್ಷ ದೊಡ್ಡ ದವಾಖಾನೆಯಲ್ಲಿ ನರ್ಸ್ ಆಗಿದ್ದು, ವಾರ್ಡಿನ ಆ ತುದಿಯ ರೋಗಿಯನ್ನು ಈ ತುದಿಯಿಂದ ಗದರಿಸಿ ಗದರಿಸಿ ದನಿ ಗಟ್ಟಿಯಾದವರು. ಹೆಸರು ಬರೆದುಕೊಳ್ಳುತ್ತ, ಪಾಪ, ನೋಡಿದರೆ ಬಹಳ ಶಾಣ್ಯಾ ಮಾಸ್ತರರ ಹಾಗೆ ಕಾಣುತ್ತಾರೆ ಎಂದರು.

ಕರಬಸಪ್ಪನವರು ಗುದ್ಲೆಪ್ಪನವರ ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟರು. "ಮನಷ್ಯಾ ಭಾಳ ಛಲೋ ರೀ. ಆದ್ರ ಪಾಠ ಅಷ್ಟಕ್ಕಷ್ಟ. ಇವರು ರಜಾ ಹಾಕಿದ ದಿನ ಹುಡುಗೂರು ಒಂದೀಟು ಹೆಚ್ಚ ಕಲೀತಾವ. ಇಷ್ಟು ವರ್ಷ ಹೇಳಿರಲಿಲ್ಲ, ಮನಸಿಗೆ ಹಚ್ಚಿಕೊಂಡಾರು ಅಂತ. ಈಗ ಹೆಂಗೂ ಕೇಳಸೂದಿಲ್ಲ."

ಗುದ್ಲೆಪ್ಪನವರು ನಗುತ್ತಲೇ ನಿಂತಿದ್ದರು. ಆ ನಗುವನ್ನು ಮುಖದ ಮೇಲೆ ಹಿಡಿದು ನಿಲ್ಲಿಸುವುದು ತುಂಬಿದ ಕೊಡ ಹೊತ್ತು ಏಣಿ ಹತ್ತಿದಷ್ಟು ಕಷ್ಟವಾಯಿತು.

ಡಾಕ್ಟರು ಬರುವುದು ನಾಲ್ಕು ಗಂಟೆಗೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಹೇಗಾದರೂ ಕಾಲ ಕಳೆದರಾಯಿತೆಂದು ಅವರು ಒಂದು ಮರದ ಕೆಳಗೆ ಹೋಗಿ ಕುಳಿತರು. ಆದರೆ ಅಡಿಗೆಯ ಗುತ್ತೆವ್ವ ಹಿಂದಿನಿಂದ, ಮಂಡಕ್ಕಿ ಮಿರ್ಚಿ ತಯಾರಾಗಿದೆ ಎಂದು ಕೂಗಿದಾಗ ಇಡೀ ಅಂಗಳದಲ್ಲಿ ಮೊದಲು ತಿರುಗಿದ ತಲೆ ಅವರದೇ. ತಿರುಗಿದ ಮೇಲೆ ನೆನಪಾಗಿ, ಕತ್ತು ಹಿಡಿದುಕೊಂಡವರಂತೆ ಅತ್ತಿತ್ತ ಹೊರಳಿಸಿ ಮತ್ತೆ ನೆಲ ನೋಡಿದರು.

ಎದುರಿಗೆ ಕುಳಿತಿದ್ದವನೊಬ್ಬ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ ನಕ್ಕ. ಅವನು ನಬೀಸಾಬ, ಸವಣೂರಿನಲ್ಲಿ ಟೇಲರ. ಎದ್ದು ಬಂದು ಪಕ್ಕದಲ್ಲಿ ಕುಳಿತ. ಅವನ ಮಾತಿಗೆ ಏರಿಳಿತವಿರಲಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಒಂದೇ ಸಮನೆ ಬರುತ್ತಿತ್ತು.

"ಮಾಸ್ತರ, ನೀವು ಕಿವುಡರಲ್ಲ."

ಗುದ್ಲೆಪ್ಪನವರು ಏನು ಎಂಬಂತೆ ಕಿವಿಗೆ ಕೈ ಹಚ್ಚಿದರು.

"ಅದ ತಪ್ಪು" ಎಂದ ನಬೀಸಾಬ. "ನಾವು ಕಿವಿಗೆ ಕೈ ಹಚ್ಚೂದಿಲ್ಲ. ಮಂದಿ ಬಾಯಿ ನೋಡ್ತೇವಿ. ನೀವು ನೆಲ ನೋಡ್ತೀರಿ, ಕಳುವು ಮಾಡಿದವರಂಗ."

ಸುತ್ತಲೂ ನೋಡಿ, ಯಾರೂ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು ಗುದ್ಲೆಪ್ಪನವರು ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದರು. ಪಿಸುಮಾತು, ಕೂಗು ಎರಡೂ ನಬೀಸಾಬನಿಗೆ ಒಂದೇ. ಅವನು ತುಟಿಗಳನ್ನು ನೋಡುತ್ತ ಮಾವಿನಮರದವರೆಗೂ ಪೂರ್ತಿ ತಿಳಿದುಕೊಂಡ. ಸಿಟ್ಟಾಗಲಿಲ್ಲ. ಒಂದು ಒಪ್ಪಂದ ಮುಂದಿಟ್ಟ.

"ಒಂಬತ್ತು ವರ್ಷದವ ಇದ್ದಾಗ ಜ್ವರ ಬಂದು ನನ್ನ ಕಿವಿ ಹೋದ್ವು. ಕೇಳದ ಹುಡುಗಗ ಸಾಲಿ ಯಾಕ ಅಂತ ಮಾಸ್ತರು ಮನಿಗೆ ಕಳಿಸಿದ್ರು. ಅಳತಿ ಬರಕೊಳ್ಳಾಕ ನನಗ ಬರೂದಿಲ್ಲ, ನೆನಪಿಡತೇನಿ. ನೀವು ನನಗ ಓದೂದು ಬರಿಯೂದು ಕಲಸ್ರಿ. ನಾ ನಿಮಗ ಕಿವುಡತನ ಕಲಸ್ತೇನಿ."

ಗುದ್ಲೆಪ್ಪನವರು ಒಪ್ಪಿದರು. ಒಪ್ಪದೆ ಬೇರೆ ದಾರಿಯಿರಲಿಲ್ಲ. ಬೇವಿನ ಕಡ್ಡಿಯಿಂದ ಮರಳಿನಲ್ಲಿ ನಬೀಸಾಬ ಎಂದು ಬರೆದು, ರೂಢಿಯಂತೆ "ನ" ಎಂದು ಕೂಗಿದರು. ನಬೀಸಾಬ ಅವರ ಬಾಯಿಗೆ ಕೈ ಅಡ್ಡ ಹಿಡಿದು, ಕೂಗಿದರೆ ತುಟಿ ವಾರೆಯಾಗುತ್ತದೆ, ಮೆಲ್ಲಗೆ ಹೇಳಿದರೆ ಅಕ್ಷರ ಕಾಣುತ್ತದೆ ಎಂದ. ಹದಿನಾಲ್ಕು ವರ್ಷ ಪಾಠ ಮಾಡಿದವರಿಗೆ ಇದು ಹೊಸ ಮಾತು.

ಅಷ್ಟರಲ್ಲಿ ಕಿವಿ ಕೇಳದ ನಾಲ್ಕು ಮಕ್ಕಳು ಬಂದು ಸುತ್ತಲೂ ಕುಳಿತವು. ಮಾತು ಮುಟ್ಟುವುದಿಲ್ಲ ಎಂದಮೇಲೆ ಗುದ್ಲೆಪ್ಪನವರು ಚಿತ್ರಕ್ಕೆ ಇಳಿದರು. ಒಂದು ಎತ್ತು ಬರೆದರು. ಅದು ಹೊಟ್ಟೆ ಉಬ್ಬರಿಸಿದ ಆಡಿನ ಹಾಗೆ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಒಬ್ಬಳು ಕಡ್ಡಿ ಕಸಿದುಕೊಂಡು ಅದರ ಬೆನ್ನ ಮೇಲೆ ಇಣಿಯ ಉಬ್ಬು ಬರೆದಳು, ಇನ್ನೊಬ್ಬ ಕೊಂಬು ಉದ್ದ ಮಾಡಿದ, ಮೂರನೆಯವನು ನೊಗ ಹೂಡಿದ. ಗುದ್ಲೆಪ್ಪನವರು ಕೆಳಗೆ ಎತ್ತು ಎಂದು ಬರೆದರು. ಕಡ್ಡಿಗಾಗಿ ಜಗಳವಾಗತೊಡಗಿದಾಗ, ಬೇಕಾದವರು ಕೈ ಎತ್ತಬೇಕೆಂದು ತಾವೇ ಎತ್ತಿ ತೋರಿಸಿದರು. ನಾಲ್ಕೂ ಕೈ ಮೇಲೆ ಹೋದವು. ಐದನೆಯದು ನಬೀಸಾಬನದು. ಎತ್ತು ಆದ ಮೇಲೆ ಬಾವಿ, ಬಾವಿ ಆದ ಮೇಲೆ ಬಸ್ಸು. ತಮ್ಮ ಶಾಲೆಯಲ್ಲಿ ತಾಸಿಗೆ ಮೂರು ಸಲ ಗಡಿಯಾರ ನೋಡುತ್ತಿದ್ದ ಮನುಷ್ಯ ತಲೆ ಎತ್ತಿದಾಗ ಮರದ ನೆರಳು ಆ ಕಡೆಯಿಂದ ಈ ಕಡೆಗೆ ಬಂದಿತ್ತು.

ಮಕ್ಕಳು ಅವರನ್ನು ಕರೆಯಬೇಕಾದಾಗಲೆಲ್ಲ ಒಂದು ಕಿವಿ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದವು. ಇದೇನೆಂದು ಗುದ್ಲೆಪ್ಪನವರು ನಬೀಸಾಬನನ್ನು ಕೇಳಿದರು.

"ನಿಮಗ ಇಟ್ಟ ಹೆಸರು. ಕಳ್ಳಗಿವಿ ಮಾಸ್ತರ ಅಂತ."

"ಹುಡುಗರಿಗೂ ಗೊತ್ತಾತೇನು?"

"ಮೊದಲ ಅವರಿಗೇ ಗೊತ್ತಾತು."

ಊಟದ ನಂತರ ಇನ್ನೊಂದು ಕಷ್ಟ ಎದುರಾಯಿತು. ಬೆತ್ತ ಹೆಣೆಯುವವರ ನಡುವೆ ರೋಶನಬಿ ಎಂಬ ಹದಿನೇಳರ ಹುಡುಗಿ ಇದ್ದಳು, ಬಂಕಾಪುರದವಳು, ಹುಟ್ಟಿನಿಂದ ಕಣ್ಣು ಕಾಣದವಳು. ಗುದ್ಲೆಪ್ಪನವರು ಪಕ್ಕದಲ್ಲಿ ಹಾದು ಹೋಗುವಾಗ, ಕೈಯ ಕೆಲಸ ನಿಲ್ಲಿಸದೆಯೇ ಅವಳು ಹೇಳಿದಳು.

"ಮಾಸ್ತರ, ಮೂರು ಸಲ ನಿಮ್ಮ ಹಿಂದ ಸಣ್ಣಗ ಕರದೆ. ಮೂರೂ ಸಲ ನಿಮ್ಮ ಚಪ್ಪಲಿ ನಿಂತ್ವು."

ನಾಲ್ಕನೆಯ ಸಲವೂ ಚಪ್ಪಲಿ ನಿಂತವು. ರೋಶನಬಿಗೆ ಸುದ್ದಿ ಹಬ್ಬಿಸುವ ಆಸೆಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಬೇರೆ. ಬೀದಿಯಲ್ಲಿ ಎಲ್ಲರೂ ಪತ್ರಿಕೆಯ ಸುದ್ದಿ ಮಾತಾಡುತ್ತಾರೆ, ತನ್ನ ಮನೆಯಲ್ಲಿ ಓದಿ ಹೇಳುವವರು ಯಾರೂ ಇಲ್ಲ, ಇಲ್ಲಿರುವಷ್ಟು ದಿನ ದಿನಾಲೂ ಒಂದು ತಾಸು ಪತ್ರಿಕೆ ಓದಿ ಹೇಳಬೇಕು ಎಂದಳು. ಜಾಹೀರಾತು ಸಹಿತ. ಗುದ್ಲೆಪ್ಪನವರು ಅದಕ್ಕೂ ಒಪ್ಪಿ, ಅಲ್ಲೇ ನಿಂತು ಆ ದಿನದ ಪತ್ರಿಕೆಯನ್ನು ಸಣ್ಣ ದನಿಯಲ್ಲಿ ಓದಿದರು. ಬೆತ್ತ ಹೆಣೆಯುತ್ತಿದ್ದ ಉಳಿದವರೂ ಸುಮ್ಮನಾಗಿ ಕೇಳಿದರು. ಕಡೆಗೆ ಒಬ್ಬ, ನಾಳೆ ಸ್ವಲ್ಪ ದೊಡ್ಡದಾಗಿ ಓದಿರಿ ಎಂದ.

ನಾಲ್ಕು ಗಂಟೆಗೆ ಡಾಕ್ಟರು ಬಂದರು. ಪಡಸಾಲೆಯಲ್ಲಿ ಖುರ್ಚಿ ಹಾಕಿ ಒಬ್ಬೊಬ್ಬರನ್ನೇ ಕೂರಿಸಿ ನೋಡಿದರು. ಎಲ್ಲರ ಮುಂದೆ ಸುಳ್ಳು ಸಿಕ್ಕಿಬೀಳುವುದೊಂದು ತಪ್ಪಿದರೆ ಸಾಕು, ನೌಕರಿಯ ಮಾತು ಆಮೇಲೆ ಎಂದು ಗುದ್ಲೆಪ್ಪನವರು ನಿಶ್ಚಯಿಸಿದ್ದರು. ನಬೀಸಾಬ ಅವರಿಗೆ ಕೊನೆಯ ಪಾಠ ಹೇಳಿಕೊಟ್ಟಿದ್ದ. ಡಾಕ್ಟರರ ಬಾಯಿಯನ್ನೇ ನೋಡಬೇಕು, ಹಿಂದೆ ಏನು ಸದ್ದಾದರೂ ಮನಸ್ಸಿನಲ್ಲಿ ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳಬೇಕು. ಗುದ್ಲೆಪ್ಪನವರ ಸರದಿ ಬಂದಾಗ ಡಾಕ್ಟರು ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು, ಗುತ್ತೆವ್ವನಿಂದ ಪರಾತ ತರಿಸಿ ಸೌಟಿನಿಂದ ಬಡಿದರು. ಹತ್ತೊಂಬತ್ತೇಳಲೆ ನೂರಾಮೂವತ್ತಮೂರರವರೆಗೆ ಹೋಗಿದ್ದ ಗುದ್ಲೆಪ್ಪನವರ ರೆಪ್ಪೆ ಕೂಡ ಅಲುಗಲಿಲ್ಲ. ಇಷ್ಟು ಚೆನ್ನಾಗಿ ಅವರು ಯಾವ ಪರೀಕ್ಷೆಯನ್ನೂ ಪಾಸು ಮಾಡಿರಲಿಲ್ಲ.

ಡಾಕ್ಟರು ಕರಬಸಪ್ಪನವರ ಹತ್ತಿರ ಬಗ್ಗಿ, ಎರಡೂ ಕಿವಿ ಪೂರ್ತಿ ಹೋಗಿವೆ ಎಂದರು. ಕರಬಸಪ್ಪನವರು ಕರವಸ್ತ್ರ ತೆಗೆದರು. ಇಂಥ ಸ್ಥಿತಿಯಲ್ಲಿ ತರಗತಿಗೆ ಹೇಗೆ ಕಳಿಸುವುದು, ಇನ್ನು ಇನ್ಸ್‌ಪೆಕ್ಟರಿಗೆ ಬರೆಯಲೇಬೇಕು, ನನ್ನ ಕೈಯಿಂದ ಈ ಪಾಪ ಆಗಬೇಕಾಯಿತು ಎಂದರು. ಡಾಕ್ಟರು ಕಾಗದದ ಮೇಲೆ ಬರೆಯತೊಡಗಿದರು.

ಗುದ್ಲೆಪ್ಪನವರ ಕಣ್ಣ ಮುಂದೆ ಅನ್ನವ್ವ, ಮೂರು ಮಕ್ಕಳು, ತಿಂಗಳ ಪಗಾರ ಎಲ್ಲವೂ ಸಾಲಾಗಿ ಹಾದು ಹೋದವು. ಅವರು ಖುರ್ಚಿಯಿಂದ ಎದ್ದು ನಿಂತರು.

"ನನಗ ಕೇಳತೈತ್ರಿ. ಎಲ್ಲಾ ಕೇಳತೈತಿ. ಶಿಬಿರಕ್ಕ ಬರೂದು ತಪ್ಪಿಸಿಕೊಳ್ಳಾಕ ಸುಳ್ಳು ಹೇಳಿದ್ದೆ."

ಡಾಕ್ಟರು ಪೆನ್ನು ಎತ್ತಲಿಲ್ಲ. ಮೊದಮೊದಲು ಎಲ್ಲರೂ ಹೀಗೇ ಅನ್ನುತ್ತಾರೆ, ಕಿವಿ ಹೋಯಿತೆಂದು ಒಪ್ಪುವುದು ಯಾರಿಗೂ ಸುಲಭವಲ್ಲ ಎಂದು ಸಾವಂತ್ರಬಾಯಿಗೆ ಸಮಾಧಾನದಿಂದ ವಿವರಿಸಿದರು. ಗುದ್ಲೆಪ್ಪನವರು ಆ ಮಾತನ್ನು ಅಕ್ಷರ ಬಿಡದೆ ತಿರುಗಿ ಹೇಳಿದರು. ಡಾಕ್ಟರಿಗೆ ಬೆರಗಾಯಿತು. ಒಂದೇ ದಿನದಲ್ಲಿ ತುಟಿ ನೋಡಿ ಇಷ್ಟು ತಿಳಿಯುವವರನ್ನು ತಾವು ಕಂಡಿಲ್ಲ, ಯಾರು ಕಲಿಸಿದರು ಎಂದು ಕೇಳಿದರು. ಮಕ್ಕಳು ನಬೀಸಾಬನನ್ನು ತೋರಿಸಿದವು. ಎಲ್ಲರೂ ನಬೀಸಾಬನ ಬೆನ್ನು ಚಪ್ಪರಿಸಿದರು.

ಗುದ್ಲೆಪ್ಪನವರು ಸಾಕ್ಷಿ ಕರೆದರು. ನಬೀಸಾಬನೇ ಹೇಳಲಿ ಎಂದರು.

ನಬೀಸಾಬ ಗಂಭೀರವಾಗಿ ಯೋಚಿಸಿದ. "ನಾ ಕಿವುಡ ಅದೇನ್ರಿ. ಇವರಿಗೆ ಏನ್ ಕೇಳತೈತಿ, ಏನ್ ಇಲ್ಲ, ನನಗ ಹೆಂಗ ಗೊತ್ತಾಗಬೇಕು?"

ಹಾಗಾದರೆ ರೋಶನಬಿ ಹೇಳಲಿ ಎಂದರು ಗುದ್ಲೆಪ್ಪನವರು.

"ನನಗ ಕಣ್ಣಿಲ್ಲ" ಎಂದಳು ರೋಶನಬಿ. "ಇವರು ಕಿವೀಲೇ ಕೇಳ್ತಾರೋ, ತುಟಿ ನೋಡ್ತಾರೋ, ನಾ ಹೆಂಗ ಹೇಳ್ಲಿ?"

ಇಬ್ಬರ ಮುಖಗಳೂ ಆಗತಾನೇ ತೊಳೆದಿಟ್ಟ ತಟ್ಟೆಗಳಂತೆ ನಿರ್ಮಲವಾಗಿದ್ದವು. ಮಾಸ್ತರರು ಪಾರಾಗಿ ಹೋದರೆ ನಾಳೆ ಅಕ್ಷರ ಕಲಿಸುವವರು ಯಾರು, ಪತ್ರಿಕೆ ಓದುವವರು ಯಾರು ಎಂಬುದಷ್ಟೇ ಅವರ ಚಿಂತೆ ಎಂದು ಗುದ್ಲೆಪ್ಪನವರಿಗೆ ತಿಳಿಯಲು ತಡವಾಗಲಿಲ್ಲ. ತಿಳಿದು ಏನೂ ಉಪಯೋಗವಾಗಲಿಲ್ಲ.

ಇಷ್ಟು ಹೊತ್ತು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದ ಸಾವಂತ್ರಬಾಯಿ ಎದ್ದರು. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ನಿಲ್ಲಲಿ, ತಾನು ಹತ್ತು ಹೆಜ್ಜೆ ಹಿಂದಿನಿಂದ ಸಣ್ಣ ದನಿಯಲ್ಲಿ ಒಂದು ಮಾತು ಹೇಳುತ್ತೇನೆ, ಕೇಳಿಸಿತೋ ಇಲ್ಲವೋ ಗೊತ್ತಾಗಿಬಿಡುತ್ತದೆ ಎಂದರು. ಗುದ್ಲೆಪ್ಪನವರಿಗೆ ಹೋದ ಜೀವ ಬಂದಂತಾಯಿತು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು. ಪಡಸಾಲೆಯಲ್ಲಿ ಹಾರ್ಮೋನಿಯಂ ಕೂಡ ನಿಂತಿತು.

ಸಾವಂತ್ರಬಾಯಿ, ತಮ್ಮ ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಎಂದೂ ಮಾತಾಡಿರದವರು, ಹೇಳಿದರು.

"ಈ ಮಾಸ್ತರು ಇವತ್ತ ಒಂದ ದಿನದಾಗ ಮಾಡಿದ ಕೆಲಸಾ ನಾ ನೋಡೇನಿ. ಈ ವರ್ಷದ್ದಷ್ಟ ಅಲ್ಲ, ನೌಕರಿ ಇರೂತನಾ ಪ್ರತಿ ಬ್ಯಾಸಿಗಿ ಶಿಬಿರಕ್ಕ ಇವರ ಮಾಸ್ತರ ಆಗಬೇಕು ಅಂತ ಇವತ್ತ ಮ್ಯಾಲ ಬರೀತೇನಿ. ಅವರಿಗೆ ಒಪ್ಪಿಗಿ ಇದ್ರ ಕೈ ಎತ್ತಲಿ. ಕೇಳಸದಿದ್ರ ಹಂಗ ನಿಂದರಲಿ."

ಗುದ್ಲೆಪ್ಪನವರಿಗೆ ಪ್ರತಿ ಅಕ್ಷರವೂ ಕೇಳಿಸಿತು. ಸುಣ್ಣದ ಗೋಡೆಯ ಮೇಲೆ ಒಂದು ಇರುವೆ ಮೇಲಕ್ಕೆ ಹೋಗಿ, ಸ್ವಲ್ಪ ನಿಂತು, ಮತ್ತೆ ಕೆಳಗಿಳಿಯಿತು. ಕೈ ಎತ್ತಿದರೆ ನಿವೃತ್ತಿಯವರೆಗೆ ಒಂದು ಬೇಸಿಗೆಯೂ ತಮ್ಮದಲ್ಲ. ಎತ್ತದಿದ್ದರೆ ನಾಳೆಯಿಂದ ವರ್ಷವೆಲ್ಲ ಸೂಟಿಯೇ. ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಬಲಗೈಯನ್ನು ಮೆಲ್ಲಗೆ ಮೇಲೆತ್ತಿದರು.

ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದ ನಾಲ್ಕು ಮಕ್ಕಳೂ ಕೈ ಎತ್ತಿದ್ದವು. ನಬೀಸಾಬನೂ ಎತ್ತಿದ್ದ. ಡಾಕ್ಟರು ಬರೆದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹರಿದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸಾವಂತ್ರಬಾಯಿ ನಗುತ್ತಿದ್ದರು. ಕರಬಸಪ್ಪನವರೊಬ್ಬರೇ ಏನೂ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು.

"ಇವರು ಕೈ ಯಾಕ ಎತ್ತಿದ್ರು?" ಎಂದು ಅವರು ಕೇಳಿದರು. "ಸಾವಂತ್ರಬಾಯಾರು ಇನ್ನೂ ಮಾತ ಆಡಿಲ್ಲಲ್ಲ."

ಸಾವಂತ್ರಬಾಯಿ ನಿಂತಿದ್ದ ಜಾಗದಿಂದ ಕರಬಸಪ್ಪನವರ ಖುರ್ಚಿ ನಾಲ್ಕೇ ಹೆಜ್ಜೆ ದೂರವಿತ್ತು. ಡಾಕ್ಟರು ಆ ದೂರವನ್ನು ಒಮ್ಮೆ ನೋಡಿದರು, ಕರಬಸಪ್ಪನವರನ್ನು ಒಮ್ಮೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಅವರ ಕೈ ಹಿಡಿದು ಕರೆತಂದು, ಗುದ್ಲೆಪ್ಪನವರು ಬಿಟ್ಟೆದ್ದ ಖುರ್ಚಿಯಲ್ಲಿ ಕೂರಿಸಿದರು.

ಡಾಕ್ಟರು ಹೇಳಿದ್ದು ಭಯಪಡುವಂಥದೇನೂ ಅಲ್ಲ. ವಯಸ್ಸಿನಿಂದ ಬಂದದ್ದು, ನಿಧಾನವಾಗಿ ಬಂದದ್ದರಿಂದ ಅವರಿಗೇ ಗೊತ್ತಾಗಿರಲಿಲ್ಲ, ತುಟಿ ನೋಡಿ ತಿಳಿಯುವುದನ್ನು ಸರಿಯಾಗಿ ಕಲಿತರೆ ನಿವೃತ್ತಿಯವರೆಗೆ ಏನೂ ತೊಂದರೆಯಿಲ್ಲ ಎಂದರು. ಅದಕ್ಕೆ ಹದಿನೈದು ದಿನ ಇಲ್ಲಿಯೇ ಇದ್ದುಬಿಡುವುದು ಒಳ್ಳೆಯದು. ಕರಬಸಪ್ಪನವರು ಮೊದಲು ಕಣ್ಣು ಒರೆಸಿಕೊಂಡರು, ಆಮೇಲೆ ಸಂತೋಷದಿಂದ ಒಪ್ಪಿದರು. ಸಾವಂತ್ರಬಾಯಿ ಶಿಬಿರಾರ್ಥಿಗಳ ಯಾದಿಯಲ್ಲಿ ಗುದ್ಲೆಪ್ಪನವರ ಹೆಸರು ಹೊಡೆದು ಅಲ್ಲಿಯೇ ಕರಬಸಪ್ಪನವರ ಹೆಸರು ಬರೆದರು.

ಪಾಠ ಏಳೂವರೆಗೆ ಎಂದು ಗೊತ್ತು ಮಾಡಿದ್ದರೂ ಮರುದಿನ ಬೆಳಿಗ್ಗೆ ಏಳು ಗಂಟೆಗೇ ಗುದ್ಲೆಪ್ಪನವರು ಬೇವಿನಮರದ ಕೆಳಗೆ ಬಂದಾಗ ವಿದ್ಯಾರ್ಥಿಗಳು ಆಗಲೇ ಕುಳಿತಿದ್ದರು. ನಾಲ್ಕು ಮಕ್ಕಳು, ನಬೀಸಾಬ, ಒಂದು ಪಕ್ಕಕ್ಕೆ ಬೆತ್ತ ಹಿಡಿದು ರೋಶನಬಿ. ಎಲ್ಲರಿಗಿಂತ ಮುಂದೆ, ಚಾಪೆಯ ಮೇಲೆ ಚಕ್ಕಂಬಟ್ಟಲು ಹಾಕಿಕೊಂಡು, ಮೊಣಕಾಲ ಮೇಲೆ ಟಿಪ್ಪಣಿ ವಹಿ ಇಟ್ಟುಕೊಂಡು ಹೆಡ್‌ಮಾಸ್ತರ ಕರಬಸಪ್ಪನವರು.

"ಶುರು ಮಾಡ್ರಿ" ಎಂದರು ಅವರು ಪ್ರೀತಿಯಿಂದ. "ಹದಿನಾಲ್ಕು ವರ್ಷ ನಿಮ್ಮ ಪಾಠ ಗ್ವಾಡಿ ಆಚೆಯಿಂದನ ಕೇಳೇನಿ. ಎದುರಿಗೆ ಕುಂತು ನೋಡಿರಲಿಲ್ಲ."

ಅಂದು ಪಾಠ ಅರ್ಧ ತಾಸು ಮೊದಲೇ ಶುರುವಾಯಿತು.